ಅಮ್ಮನ ಕೀಪ್ಯಾಡ್ ಫೋನಿನಿಂದ ಅಬುಧಾಬಿಗೆ: ಹಳೇ ಕಾಲಿಂಗ್ ಕಾರ್ಡ್ ಬೆಂಗಳೂರಿನಲ್ಲಿ ಈಗಲೂ ಸಿಗುತ್ತದಾ?

ಚಾಮರಾಜಪೇಟೆ_ಅಕ್ಕ

ಎಲ್ಲರಿಗೂ ನಮಸ್ಕಾರ. ಹಳೇ ಕಾಲದ ಪ್ರಶ್ನೆ, ನಗಬೇಡಿ.

ಅಮ್ಮನಿಗೆ ಎಪ್ಪತ್ತು ದಾಟಿದೆ. ಕೀಪ್ಯಾಡ್ ಫೋನ್ ಬಿಟ್ಟು ಬೇರೆ ಮುಟ್ಟುವುದಿಲ್ಲ. ಕೊಡಿಸಿದ ಸ್ಮಾರ್ಟ್‌ಫೋನ್ ಬೀರುವಿನಲ್ಲಿ ರೇಷ್ಮೆ ಸೀರೆಗಳ ಮಧ್ಯೆ ಭದ್ರವಾಗಿದೆ. ತಂಗಿ ನ್ಯೂಜೆರ್ಸಿಯಲ್ಲಿದ್ದಾಳೆ. ತಮ್ಮ ಅಬುಧಾಬಿಯಲ್ಲಿ ಸೈಟ್ ಕೆಲಸದಲ್ಲಿದ್ದಾನೆ. ನಾನು ಮನೆಯಲ್ಲಿದ್ದರೆ ನನ್ನ ಫೋನಿನಲ್ಲಿ ವಾಟ್ಸಾಪ್ ಹಾಕಿ ತಂಗಿ ಜೊತೆ ಮಾತಾಡಿಸುತ್ತೇನೆ. ತಮ್ಮನಿಗೆ ಮಾತ್ರ ವಾಟ್ಸಾಪ್ ಕಾಲ್ ಹೋಗುವುದೇ ಇಲ್ಲ. ನಾನು ಆಫೀಸಿಗೆ ಹೊರಟರೆ ಅಮ್ಮನಿಗೆ ಇಡೀ ದಿನ ಟಿವಿಯೇ ಗತಿ.

ತಂಗಿ ಅಮೆರಿಕಕ್ಕೆ ಹೋದ ಹೊಸತರಲ್ಲಿ ಕಾಲಿಂಗ್ ಕಾರ್ಡ್ ತಗೊಂಡು, ಬೂದು ಪಟ್ಟಿ ಉಜ್ಜಿ, ಉದ್ದದ ನಂಬರ್ ಒತ್ತಿ ಫೋನ್ ಮಾಡುತ್ತಿದ್ದಳು. ಅಂಥದ್ದೇ ಪ್ರೀಪೇಯ್ಡ್ ಕಾರ್ಡ್ ಇಲ್ಲಿಂದ ಅಲ್ಲಿಗೆ ಮಾಡುವುದಕ್ಕೆ ಸಿಗುತ್ತದಾ? ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್‌ಪಿ ರೋಡಿನಲ್ಲಿ ಕೇಳಿದೆ. ಅಂಗಡಿಯವನು ನನ್ನನ್ನು ಮೇಲಿಂದ ಕೆಳಗೆ ಒಂದು ಸಲ ನೋಡಿದ, ಅಷ್ಟೇ. ನೇರವಾಗಿ ಮೊಬೈಲಿನಿಂದ ಐಎಸ್‌ಡಿ (ಹೊರದೇಶದ ಕಾಲ್) ಮಾಡಿದರೆ ಎರಡು ಮಾತು ಆಡುವಷ್ಟರಲ್ಲಿ ಬ್ಯಾಲೆನ್ಸ್ ಖಾಲಿ. ಗೊತ್ತಿದ್ದವರು ಹೇಳಿ.

ಗೊಜ್ಜವಲಕ್ಕಿ

ಎಸ್‌ಪಿ ರೋಡಿನಲ್ಲಿ ರಾಕೆಟ್ಟಿನ ಬಿಡಿಭಾಗ ಕೇಳಿದರೂ "ನಾಳೆ ಬನ್ನಿ ಮೇಡಂ, ತರಿಸಿ ಕೊಡ್ತೀನಿ" ಅನ್ನುತ್ತಾರೆ. ಅವರೇ ಇಲ್ಲ ಅಂದರೆ ಊರಲ್ಲೇ ಇಲ್ಲ ಅಂತ ಲೆಕ್ಕ.

ತಮಾಷೆ ಬಿಡಿ. ಅಮ್ಮನಿಗೆ ವಾಟ್ಸಾಪ್ ಕಲಿಸಿದರೆ ಮುಗಿಯಿತಲ್ವಾ? ನಮ್ಮಜ್ಜಿಯೇ ದಿನಾ ಬೆಳಗ್ಗೆ ಗುಲಾಬಿ ಹೂವಿನ ಗುಡ್ ಮಾರ್ನಿಂಗ್ ಕಳಿಸುತ್ತಾರೆ.

ಚಾಮರಾಜಪೇಟೆ_ಅಕ್ಕ

ಕಲಿಸಿ ನೋಡಿದ್ದಾಯಿತು. ಬಟನ್ ಇಲ್ಲದ ಫೋನ್ ಫೋನೇ ಅಲ್ಲ ಅನ್ನುತ್ತಾರೆ. ಎಪ್ಪತ್ತರ ಮೇಲಿನವರ ಜೊತೆ ವಾದ ಮಾಡುವ ಶಕ್ತಿ ನನಗಿಲ್ಲ. ಕಲಿತರೂ ತಮ್ಮನಿಗೆ ವಾಟ್ಸಾಪ್ ಕಾಲ್ ಹೋಗುವುದಿಲ್ಲವಲ್ಲ!

ಹಳೇ_ಬೂತು

ಮೇಡಂ, ನಾನು ಮಲ್ಲೇಶ್ವರದಲ್ಲಿ ಎಸ್‌ಟಿಡಿ-ಐಎಸ್‌ಡಿ-ಪಿಸಿಒ ಫೋನ್ ಬೂತು ನಡೆಸುತ್ತಿದ್ದೆ. ಹಳದಿ ಬೋರ್ಡು, ಗಾಜಿನ ಕ್ಯಾಬಿನ್ನು, ಒಳಗೊಂದು ಸ್ಟೂಲು. ಐಎಸ್‌ಡಿ ಗಿರಾಕಿಗೆ ಮಾತಿನ ಮೇಲೆ ಗಮನ ಕಮ್ಮಿ, ಮೀಟರ್ ಮೇಲೆ ಜಾಸ್ತಿ. ಕೆಂಪು ಅಂಕಿ ಓಡುತ್ತಲೇ ಇರುತ್ತಿತ್ತು. ಒಂದು ಪಲ್ಸಿನ (ಮೀಟರ್ ಒಂದು ಅಂಕಿ ಏರುವ ಅವಧಿ) ದರ ಎಲ್ಲಿಗೆ ಮಾಡಿದರೂ ಒಂದೇ. ದೂರ ಜಾಸ್ತಿಯಾದಷ್ಟೂ ಪಲ್ಸಿನ ಅವಧಿ ಚಿಕ್ಕದಾಗುತ್ತಿತ್ತು. ಲೋಕಲ್ ಕಾಲಿನಲ್ಲಿ ನಿಮಿಷಗಟ್ಟಲೆ ನಿಂತಿರುತ್ತಿದ್ದ ಅಂಕಿ, ಅಮೆರಿಕಕ್ಕೆ ಹಚ್ಚಿದರೆ ನಿಲ್ಲುತ್ತಲೇ ಇರಲಿಲ್ಲ. "ಮಗೂ ಊಟ ಆಯ್ತಾ, ಇಡ್ಲಾ?" ಅಂತ ಕೇಳಿ ಇಟ್ಟು ಬಿಡುತ್ತಿದ್ದರು. ಹೊರಗೆ ಬಂದು ಬಿಲ್ ನೋಡಿದ ಮೇಲೆ ಹೇಳಬೇಕಾದದ್ದು ನೆನಪಾಗುತ್ತಿತ್ತು.

2002ರ ಮಾರ್ಚ್ 31ರ ತನಕ ಹೊರದೇಶದ ಕಾಲ್ ಅಂದರೆ ವಿಎಸ್‌ಎನ್‌ಎಲ್ ಅನ್ನುವ ಕಂಪನಿ ಒಂದೇ. ಮರುದಿನದಿಂದ ಬೇರೆ ಕಂಪನಿಗಳಿಗೂ ಬಾಗಿಲು ತೆರೆಯಿತು. ಅದೇ ಏಪ್ರಿಲ್ 1ರಿಂದ ಇಂಟರ್ನೆಟ್ ಫೋನಿಗೂ ಅನುಮತಿ ಸಿಕ್ಕಿತು. ಆದರೆ ಕಂಪ್ಯೂಟರಿನಿಂದ ಹೊರದೇಶದ ಫೋನಿಗೆ ಮಾಡಬಹುದು, ನಮ್ಮ ದೇಶದ ಫೋನಿಗೆ ಮಾಡುವ ಹಾಗಿಲ್ಲ ಅಂತ ಷರತ್ತು. ಆಗ ಸೈಬರ್ ಕೆಫೆಗಳಲ್ಲಿ ಕಾರ್ಡ್ ಮಾರಾಟ ಜೋರಾಯಿತು. ತಲೆಗೆ ಹೆಡ್‌ಫೋನ್ ಹಾಕಿಕೊಂಡು ಕಂಪ್ಯೂಟರ್ ಮುಂದೆ ಕೂತು "ಹಲೋ, ಕೇಳ್ತಿದ್ಯಾ" ಅಂತ ಕೂಗುವವರೇ ಎಲ್ಲಾ. ನಮ್ಮ ಮಾತು ಅಲ್ಲಿಗೆ ಮುಟ್ಟಿ ಅವರ ಉತ್ತರ ಬರುವಷ್ಟರಲ್ಲಿ ನಾವು ಇನ್ನೊಂದು ಪ್ರಶ್ನೆ ಕೇಳಿಬಿಟ್ಟಿರುತ್ತಿದ್ದೆವು.

ಅದು ಬಿಟ್ಟರೆ ಬಿಎಸ್‌ಎನ್‌ಎಲ್‌ನವರದ್ದು ಇಂಡಿಯಾ ಟೆಲಿಫೋನ್ ಕಾರ್ಡ್ ಅಂತ ಇತ್ತು. ಉಜ್ಜುವ ಕಾರ್ಡೇ. ಯಾವ ಲ್ಯಾಂಡ್‌ಲೈನಿನಿಂದಲಾದರೂ ಒಂದು ನಂಬರಿಗೆ ಮಾಡಿ, ಕಾರ್ಡಿನ ನಂಬರ್ ಒತ್ತಿದರೆ ಎಸ್‌ಟಿಡಿ, ಐಎಸ್‌ಡಿ ಎರಡೂ ಹೋಗುತ್ತಿತ್ತು. ಫೋನಿಗೆ ಬೀಗ ಹಾಕಿಟ್ಟ ಯಜಮಾನರ ಮನೆಗಳಲ್ಲಿ ಬಾಡಿಗೆ ಹುಡುಗರು ಇದನ್ನೇ ನಂಬಿಕೊಂಡಿದ್ದರು.

ಈಗ ಎಲ್ಲಿ ಸಾರ್! ನನ್ನ ಬೂತಿನ ಜಾಗದಲ್ಲಿ ಮಗ ಝೆರಾಕ್ಸ್, ರೀಚಾರ್ಜ್ ಅಂಗಡಿ ಇಟ್ಟಿದ್ದಾನೆ. ಕಾಲಿಂಗ್ ಕಾರ್ಡ್ ಕೇಳಿಕೊಂಡು ಒಬ್ಬರೂ ಬಂದಿಲ್ಲ.

ಎಡಿಸನ್_ಮೈಸೂರುಪಾಕ್

ಅಕ್ಕ, ಕಾರ್ಡ್ ಸಿಗಲಿಲ್ಲ ಅಂತ ಬೇಜಾರು ಮಾಡಿಕೊಳ್ಳಬೇಡಿ. ನಾನು ಅದರಲ್ಲೇ ವರ್ಷಗಟ್ಟಲೆ ಮಾತಾಡಿದವಳು. ಇಲ್ಲಿ ಅಮೆರಿಕದ ಇಂಡಿಯನ್ ಸ್ಟೋರಿನಲ್ಲಿ ಬೇಳೆ, ಹುಣಸೆಹಣ್ಣು ತಗೊಂಡು ಬಿಲ್ ಹಾಕಿಸುವಾಗ ಕೌಂಟರ್ ಗಾಜಿನ ಕೆಳಗೆ ಬಣ್ಣಬಣ್ಣದ ಕಾರ್ಡುಗಳು ಇರುತ್ತಿದ್ದವು. ಗೋಡೆ ಮೇಲೆ ಪೋಸ್ಟರು: 5 ಡಾಲರಿಗೆ ಇಂಡಿಯಾಗೆ ಇಷ್ಟು ನೂರು ನಿಮಿಷ!

ಅದರ ಒಳಗುಟ್ಟು ಕಾರ್ಡಿನ ಹಿಂದೆ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ಇರುತ್ತಿತ್ತು. ಒಂದು ಉದಾಹರಣೆ ಹಾಕಿ ತೋರಿಸುತ್ತೇನೆ. ಅಂಕಿ ನಾನು ಹಾಕಿಕೊಂಡದ್ದು, ವರಸೆ ಮಾತ್ರ ಅದೇ.

5 ಡಾಲರ್ ಕಾರ್ಡ್. ನಿಮಿಷಕ್ಕೆ 1 ಸೆಂಟ್. ಪೋಸ್ಟರ್ ಪ್ರಕಾರ 500 ನಿಮಿಷ. ಹಿಂದೆ ಬರೆದದ್ದು: ಪ್ರತಿ ಕಾಲಿಗೆ ಕನೆಕ್ಷನ್ ಫೀ 59 ಸೆಂಟ್, ಮೂರು ಮೂರು ನಿಮಿಷದ ಲೆಕ್ಕ, ವಾರಕ್ಕೆ ಮೇಂಟೆನೆನ್ಸ್ 79 ಸೆಂಟ್.

ಅಮ್ಮನಿಗೆ ವಾರಕ್ಕೆ ಎರಡು ಸಲ, ಹತ್ತತ್ತು ನಿಮಿಷ ಮಾಡಿದೆ ಅನ್ನಿ. ಹತ್ತು ನಿಮಿಷ ಹನ್ನೆರಡಾಗುತ್ತದೆ, 12 ಸೆಂಟ್. ಕನೆಕ್ಷನ್ ಸೇರಿ 71. ಎರಡು ಕಾಲಿಗೆ 1 ಡಾಲರ್ 42. ಮೇಂಟೆನೆನ್ಸ್ ಸೇರಿ ವಾರಕ್ಕೆ 2 ಡಾಲರ್ 21. ಎರಡು ವಾರಕ್ಕೆ 4 ಡಾಲರ್ 42. ಉಳಿದದ್ದು 58 ಸೆಂಟ್. ಕನೆಕ್ಷನ್ ಫೀ 59! ಒಂದು ಸೆಂಟ್ ಕಮ್ಮಿ, ಕಾಲ್ ಹೋಗುವುದಿಲ್ಲ. 500 ನಿಮಿಷದ ಕಾರ್ಡಿನಲ್ಲಿ ಮಾತಾಡಿದ್ದು 40 ನಿಮಿಷ.

ಅದೇ ಕಾರ್ಡ್ ಉಜ್ಜಿ ಒಂದೇ ಸಲ ಕೂತು ಮಾತಾಡಿದರೆ 441 ನಿಮಿಷ ಬರುತ್ತದೆ. ಏಳು ಗಂಟೆಗೂ ಜಾಸ್ತಿ. ಯಾವ ಅತ್ತೆ ಜೊತೆ ಏಳು ಗಂಟೆ ಮಾತಾಡೋಣ ಹೇಳಿ?

ಕಾರ್ಡ್ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಒಳ್ಳೆಯವೂ ಇದ್ದವು. ಕನೆಕ್ಷನ್ ಫೀ ಇಲ್ಲದವು, ನಿಮ್ಮ ಫೋನ್ ನಂಬರನ್ನೇ ಗುರುತು ಹಿಡಿದು ಪಿನ್ ಕೇಳದವು. ಆದರೆ ಅವುಗಳ ನಿಮಿಷದ ರೇಟು ಜಾಸ್ತಿ ಕಾಣುತ್ತಿತ್ತು, ಅದಕ್ಕೇ ಜನ ಮುಟ್ಟುತ್ತಿರಲಿಲ್ಲ. ಹೇಳಿದಷ್ಟು ನಿಮಿಷ ಕೊಡುವುದಿಲ್ಲ ಅಂತ ಗ್ರಾಹಕರಿಗೆ ಮೋಸ ಆಗದಂತೆ ನೋಡುವ ಇಲ್ಲಿನ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ 2008ರಲ್ಲಿ ಕೆಲವು ಕಾರ್ಡ್ ಕಂಪನಿಗಳನ್ನು ಕೋರ್ಟಿಗೇ ಎಳೆಯಿತು.

ಗೊಜ್ಜವಲಕ್ಕಿ

58 ಸೆಂಟ್! ಲೆಕ್ಕ ಹಾಕಿದವನಿಗೆ ಕೈ ಮುಗಿಯಬೇಕು.

ಟೆಲಿಕಾಂ_ರಾಯರು

ದೂರವಾಣಿ ಇಲಾಖೆಯಲ್ಲಿ ಎಕ್ಸ್‌ಚೇಂಜ್ ಕಡೆ ಇದ್ದು ರಿಟೈರ್ ಆದವನು ನಾನು. ಕಾರ್ಡ್ ಹೇಗೆ ನಡೆಯುತ್ತಿತ್ತು ಅಂತ ಸ್ವಲ್ಪ ಹೇಳುತ್ತೇನೆ. ಅದು ಗೊತ್ತಾದರೆ ಈಗ ಏನು ಮಾಡಬೇಕು ಅನ್ನುವುದೂ ತಿಳಿಯುತ್ತದೆ.

ನೀವು ಮಾಡುತ್ತಿದ್ದದ್ದು ಒಂದು ಲೋಕಲ್ ಕಾಲ್, ಇಲ್ಲವೇ ಟೋಲ್ ಫ್ರೀ ಕಾಲ್. ಅದು ಕಾರ್ಡ್ ಕಂಪನಿಯ ಯಂತ್ರಕ್ಕೆ ಹೋಗುತ್ತಿತ್ತು. ಯಂತ್ರ ಪಿನ್ ನೋಡಿ, ಬ್ಯಾಲೆನ್ಸ್ ಹೇಳಿ, ಮುಂದಿನ ನಂಬರ್ ಕೇಳುತ್ತಿತ್ತು. ನಡುವಿನ ಸಮುದ್ರ ದಾಟಿಸುವ ಕೆಲಸ ಕಂಪನಿಯದ್ದು. ಅದು ನಿಮಿಷಗಳನ್ನು ಸಗಟಾಗಿ ಕೊಳ್ಳುತ್ತಿತ್ತು, ಹೆಚ್ಚಾಗಿ ಇಂಟರ್ನೆಟ್ ದಾರಿಯಲ್ಲಿ. ಕೊನೆಗೆ ಆ ಕಡೆ ದೇಶದ ಫೋನ್ ಕಂಪನಿಗೆ ಕಾಲ್ ಒಪ್ಪಿಸಬೇಕು. ಅದಕ್ಕೆ ಅವರು ಒಂದು ಶುಲ್ಕ ಕೇಳುತ್ತಾರೆ. ಟರ್ಮಿನೇಷನ್ ಚಾರ್ಜ್ ಅಂತಾರೆ. ಈ ಒಂದು ಶುಲ್ಕದ ಮೇಲೆ ಇಡೀ ರೇಟು ನಿಂತಿದೆ.

ಭಾರತಕ್ಕೆ ಬರುವ ಕಾಲಿಗೆ ಇದು 2018ರ ಫೆಬ್ರವರಿಯಿಂದ ನಿಮಿಷಕ್ಕೆ 30 ಪೈಸೆ ಇತ್ತು. 2020ರ ಮೇ 1ರಿಂದ 35ರಿಂದ 65 ಪೈಸೆಯೊಳಗೆ ಕಂಪನಿಗಳೇ ಮಾತಾಡಿಕೊಳ್ಳಬಹುದು ಅಂತ ಫೋನ್ ಕಂಪನಿಗಳ ನಿಯಂತ್ರಣ ಸಂಸ್ಥೆ ಟ್ರಾಯ್ ಹೇಳಿತು. ಅಮೆರಿಕದ ಕಡೆಯೂ ಈ ಶುಲ್ಕ ತೀರಾ ಕಮ್ಮಿ. ಗಲ್ಫ್ ದೇಶಗಳಲ್ಲಿ ಜಾಸ್ತಿ. ಅಲ್ಲಿ ಕೆಲವೇ ಕಂಪನಿ, ಅವರು ಹೇಳಿದ್ದೇ ದರ. ನಕ್ಷೆಯಲ್ಲಿ ಅಬುಧಾಬಿ ಹತ್ತಿರ, ನ್ಯೂಜೆರ್ಸಿ ದೂರ. ಫೋನಿನ ಬಿಲ್ಲಿನಲ್ಲಿ ತಿರುಗುಮುರುಗು.

ಇಲ್ಲಿಂದ ಹೊರಗೆ ಮಾಡುವ ಕಾರ್ಡಿಗೆ ನಮ್ಮಲ್ಲೂ ದಾರಿ ಮಾಡುವ ಪ್ರಯತ್ನ ಆಯಿತು. ಕಾರ್ಡ್ ಕಂಪನಿ ನಿಮ್ಮ ಮೊಬೈಲ್ ಕಂಪನಿಗೆ ಎಷ್ಟು ಕೊಡಬೇಕು ಅಂತ 2014ರ ಆಗಸ್ಟಿನಲ್ಲಿ ಟ್ರಾಯ್ ನಿಯಮ ತಂದಿತು. ಮೊಬೈಲಿನಿಂದಾದರೆ ನಿಮಿಷಕ್ಕೆ 40 ಪೈಸೆ, ಲ್ಯಾಂಡ್‌ಲೈನಿನಿಂದಾದರೆ 1 ರೂಪಾಯಿ 20 ಪೈಸೆ. ಅಷ್ಟರಲ್ಲಿ 2015 ಬಂತು, ವಾಟ್ಸಾಪಿನಲ್ಲಿ ಕಾಲ್ ಮಾಡುವುದು ಶುರುವಾಯಿತು. ಇನ್ನು ಕಾರ್ಡ್ ಉಜ್ಜುವವರು ಯಾರು?

ಕಾರ್ಡಿನ ಜಾಗಕ್ಕೆ ಈಗ ಬಂದಿರುವುದು ಐಎಸ್‌ಡಿ ಮಿನಿಟ್ ಪ್ಯಾಕ್. ಅದೂ ಪ್ರೀಪೇಯ್ಡೇ. ಉಜ್ಜುವುದಿಲ್ಲ, ಪಿನ್ ಇಲ್ಲ, ಅಷ್ಟೇ ವ್ಯತ್ಯಾಸ. 2024ರ ಅಕ್ಟೋಬರಿನಲ್ಲಿ ಜಿಯೊ ಪ್ರಕಟಿಸಿದ ಪಟ್ಟಿ ನನ್ನ ಹತ್ತಿರ ಇದೆ. ಅಮೆರಿಕ, ಕೆನಡಾಕ್ಕೆ 39 ರೂಪಾಯಿಗೆ 30 ನಿಮಿಷ. ಯುಎಇ, ಸೌದಿ, ಕುವೈತ್, ಬಹ್ರೇನಿಗೆ 99 ರೂಪಾಯಿಗೆ 10 ನಿಮಿಷ. ಎರಡಕ್ಕೂ 7 ದಿನ ವ್ಯಾಲಿಡಿಟಿ. ಅಂದರೆ ನ್ಯೂಜೆರ್ಸಿಗೆ ನಿಮಿಷಕ್ಕೆ 1 ರೂಪಾಯಿ 30 ಪೈಸೆ, ಅಬುಧಾಬಿಗೆ 9 ರೂಪಾಯಿ 90 ಪೈಸೆ. ಏರ್‌ಟೆಲ್, ವಿಐ ಕಡೆಯೂ ಐಎಸ್‌ಡಿ ಪ್ಯಾಕ್ ಇವೆ. ರೀಚಾರ್ಜ್ ಮಾಡುವ ದಿನ ಆ ದಿನದ ದರ ನೋಡಿ ಹಾಕಿಸಿ.

ಪ್ಯಾಕ್ ಇಲ್ಲದೆ ಸುಮ್ನೆ ಮೇನ್ ಬ್ಯಾಲೆನ್ಸಿನಿಂದ ಮಾಡಿದರೆ ಮಾತ್ರ ನೀವು ಹೇಳಿದ ಹಾಗೆ ಕ್ಷಣದಲ್ಲಿ ಖಾಲಿ.

ಚಾಮರಾಜಪೇಟೆ_ಅಕ್ಕ

ರಾಯರೇ, ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ತಂಗಿ ಕಡೆಯದು ಬಗೆಹರಿಯಿತು. ಅಬುಧಾಬಿಗೆ ಹತ್ತು ನಿಮಿಷಕ್ಕೆ 99 ಅಂದರೆ ಅಮ್ಮ ಎದೆ ಹಿಡಿದುಕೊಳ್ಳುತ್ತಾರೆ. ಅವರಿಗೆ ಹೇಳುವುದಿಲ್ಲ ಬಿಡಿ.

ದುಬೈ_ಕುಂದಾಪ್ರ

ಯಾಕೆ ಮಾರ್ರೆ, ಬೆಂಗಳೂರಿನಿಂದ ಇಲ್ಲಿ ಯುಎಇಗೇ ಯಾಕೆ ಮಾಡಬೇಕು? ಇಲ್ಲಿಂದ ಅಲ್ಲಿಗೆ ಮಾಡಲಿ. ನಿಮ್ಮ ತಮ್ಮನೇ ಅವನ ಸಿಮ್ಮಿಗೆ ಇಂಟರ್‌ನ್ಯಾಷನಲ್ ಮಿನಿಟ್ ಪ್ಯಾಕ್ ಹಾಕಿಸಿಕೊಂಡರೆ ಆಯಿತು. ಇಲ್ಲಿನ ಫೋನ್ ಕಂಪನಿಗಳು ಎತಿಸಲಾತ್, ಡು ಎರಡರಲ್ಲೂ ಪ್ರೀಪೇಯ್ಡಿಗೆ ಇದೆ. ಇಂಡಿಯಾ ಅಂದರೆ ಇಲ್ಲಿ ದೊಡ್ಡ ಗಿರಾಕಿ, ನಮಗೆ ಅಂತಲೇ ಪ್ಯಾಕ್ ಇಟ್ಟಿರುತ್ತಾರೆ. ಅಮ್ಮನ ಕೀಪ್ಯಾಡ್ ಫೋನಿಗೆ ಮಾಮೂಲಿ ಕಾಲ್ ಬಂದ ಹಾಗೆ ಬರುತ್ತದೆ. ಅಮ್ಮನಿಗೆ ಒಂದು ಪೈಸೆ ಖರ್ಚಿಲ್ಲ.

ವಾಟ್ಸಾಪ್ ಕಾಲ್ ಇಲ್ಲಿ ನಡೆಯುವುದಿಲ್ಲ, ಮೆಸೇಜ್ ಹೋಗುತ್ತದೆ. ಅನುಮತಿ ಇರುವ ಆಪ್‌ಗಳು ಬೇರೆ ಇವೆ. ಬೋಟಿಮ್ ಇದೆ, ಝೂಮ್, ಟೀಮ್ಸ್ ನಡೆಯುತ್ತವೆ. ನಮ್ಮ ಕ್ಯಾಂಪಿನಲ್ಲಿ ಎಲ್ಲರೂ ಬೋಟಿಮ್. ಆದರೆ ಅದಕ್ಕೆ ಆ ಕಡೆಯವರ ಹತ್ತಿರವೂ ಸ್ಮಾರ್ಟ್‌ಫೋನ್ ಇರಬೇಕು. ನೀವು ಮನೆಯಲ್ಲಿದ್ದಾಗ ನಿಮ್ಮ ಫೋನಿಗೆ ಅದನ್ನು ಹಾಕಿಕೊಳ್ಳಿ. ವಿಡಿಯೊದಲ್ಲಿ ಮುಖ ನೋಡಿದರೆ ಅಮ್ಮನಿಗೂ ಸಮಾಧಾನ.

ಸೌದಿಯಲ್ಲಿ ಇರುವವರಿಗೆ ಈ ತಲೆನೋವು ಕಮ್ಮಿ. ಅಲ್ಲಿ 2017ರ ಸೆಪ್ಟೆಂಬರಿನಲ್ಲೇ ಇಂಟರ್ನೆಟ್ ಕಾಲ್ ನಿಷೇಧ ತೆಗೆದರು.

ಸಿಲ್ಕ್_ಬೋರ್ಡ್_ಸಂತ್ರಸ್ತ

ಇಷ್ಟೆಲ್ಲಾ ಯಾಕೆ ಗುರು? ತಮ್ಮನಿಗೆ ಒಂದು ವಿಪಿಎನ್ (ಯಾವ ದೇಶದಲ್ಲಿದ್ದೀವಿ ಅಂತ ಮರೆಮಾಡುವ ಆಪ್) ಹಾಕಿಕೊಳ್ಳೋಕೆ ಹೇಳಿ. ವಾಟ್ಸಾಪ್ ಕಾಲ್ ಆರಾಮಾಗಿ ಹೋಗುತ್ತದೆ. ನನ್ನ ಫ್ರೆಂಡ್ ಮಾಡುತ್ತಾನೆ.

ದುಬೈ_ಕುಂದಾಪ್ರ

ದಯವಿಟ್ಟು ಇಂಥ ಸಲಹೆ ಕೊಡಬೇಡಿ. ಬೆಂಗಳೂರಿನಲ್ಲಿ ಕೂತು ಹೇಳುವುದು ಸುಲಭ. ಇಲ್ಲಿ ತಡೆ ಹಾಕಿದ ಸೇವೆಗೆ ವಿಪಿಎನ್ ಬಳಸಿ ನುಗ್ಗಿದರೆ ಕಾನೂನಿನಲ್ಲಿ ದಂಡ 5 ಲಕ್ಷ ದಿರ್ಹಮಿನಿಂದ 20 ಲಕ್ಷದ ತನಕ ಇದೆ. ರೂಪಾಯಿ ಅಲ್ಲ, ದಿರ್ಹಮ್. ಜೈಲೂ ಆಗಬಹುದು. ನಿಮ್ಮ ಫ್ರೆಂಡ್ ಸಿಕ್ಕಿಬಿದ್ದಿಲ್ಲ ಅಂದ ಮಾತ್ರಕ್ಕೆ ಸೈಟಿನಲ್ಲಿ ಬೆವರು ಸುರಿಸುವ ಹುಡುಗನ ವೀಸಾ ಪಣಕ್ಕೆ ಇಡುವುದಾ?

ಸಿಲ್ಕ್_ಬೋರ್ಡ್_ಸಂತ್ರಸ್ತ

ಅಷ್ಟು ದಂಡ ಅಂತ ಗೊತ್ತಿರಲಿಲ್ಲ. ಹಾಗಾದರೆ ಬೇಡ ಬಿಡಿ.

ಬಾಣಂತನ_ಮುಗಿಸಿ_ಬಂದೆ

ಮಧ್ಯೆ ಬಾಯಿ ಹಾಕಿದ್ದಕ್ಕೆ ಬೇಸರ ಮಾಡಿಕೊಳ್ಳಬೇಡಿ. ನನ್ನದೂ ಫೋನಿನದೇ ಕಷ್ಟ. ಮಗಳ ಬಾಣಂತನಕ್ಕೆ ಅಂತ ಚಿಕಾಗೊಗೆ ಹೋಗಿದ್ದೆವು. ನಮ್ಮೆಜಮಾನರಿಗೆ ಅಲ್ಲಿ ಆಸ್ಪತ್ರೆ ಖರ್ಚು ಬಂತು. ಇನ್ಶೂರೆನ್ಸ್ ಕ್ಲೇಮಿಗೆ ಈಗ ಬಸವೇಶ್ವರನಗರದಿಂದ ಅಲ್ಲಿನ ಟೋಲ್ ಫ್ರೀ ನಂಬರಿಗೆ ಮಾಡಬೇಕು. ಮಾಡಿದರೆ ಹೋಗುವುದಿಲ್ಲ, ಹೋದರೆ ಹಾಡು ಹಾಕಿ ಕಾಯಿಸುತ್ತಾರೆ. ಮೊದಲು ಮಗ ಸ್ಕೈಪಿನಿಂದ ಬಿಟ್ಟಿ ಮಾಡಿಕೊಡುತ್ತಿದ್ದ.

ಎಡಿಸನ್_ಮೈಸೂರುಪಾಕ್

ಸ್ಕೈಪ್ 2025ರ ಮೇ 5ಕ್ಕೆ ಮುಚ್ಚಿ ಹೋಯಿತು ಅಮ್ಮಾ. ಟೋಲ್ ಫ್ರೀ ಅನ್ನುವುದು ಅಮೆರಿಕದ ಒಳಗೆ ಮಾಡಿದರೆ ಮಾತ್ರ ಫ್ರೀ. ಹೊರಗಿನಿಂದ ಕೆಲವು ಸಿಗುವುದೇ ಇಲ್ಲ. ನಿಮ್ಮ ಪಾಲಿಸಿ ಕಾರ್ಡಿನ ಹಿಂದೆ ನೋಡಿ. ಅಮೆರಿಕದ ಹೊರಗಿನಿಂದ ಮಾಡುವವರಿಗೆ ಅಂತ ಊರಿನ ಕೋಡ್ ಇರುವ ಮಾಮೂಲಿ ನಂಬರ್ ಬೇರೆ ಕೊಟ್ಟಿರುತ್ತಾರೆ. ಅದಕ್ಕೆ ಐಎಸ್‌ಡಿ ಪ್ಯಾಕ್ ಹಾಕಿಕೊಂಡು ಮಾಡಿ.

ಟೈಮ್ ನೋಡಿಕೊಳ್ಳಿ. ನ್ಯೂಯಾರ್ಕಿನಲ್ಲಿ ಬೆಳಗ್ಗೆ 9 ಅಂದರೆ ನಿಮಗೆ ಬೇಸಿಗೆಯಲ್ಲಿ ಸಂಜೆ 6:30, ಚಳಿಗಾಲದಲ್ಲಿ 7:30. ಅವರ ಆಫೀಸ್ ತೆರೆದ ಕೂಡಲೇ ಮಾಡಿದರೆ ಕಾಯುವುದು ಕಮ್ಮಿ. ಹಾಡು ಕೇಳುತ್ತಾ ಕೂತರೆ 30 ನಿಮಿಷದ ಪ್ಯಾಕ್ ಹಾಡಿಗೇ ಮುಗಿಯುತ್ತದೆ. ಎಲ್ಲಕ್ಕಿಂತ ಸುಲಭ ಅಂದರೆ ಮಗಳೇ ಅಲ್ಲಿಂದ ಮಾಡಿ, ಅವರ ಹತ್ತಿರ ಇ-ಮೇಲ್ ವಿಳಾಸ ಕೇಳಿ ತಗೊಳ್ಳಲಿ. ಆಮೇಲೆ ಕಾಗದಪತ್ರ ಎಲ್ಲಾ ಇ-ಮೇಲಿನಲ್ಲೇ ನಡೆಸಬಹುದು.

ಬಾಣಂತನ_ಮುಗಿಸಿ_ಬಂದೆ

ಕಾರ್ಡಿನ ಹಿಂದೆ ಇದೆ ಕಣಮ್ಮಾ! ಕನ್ನಡಕ ಹಾಕಿ ನೋಡಿದೆ. ಮಗೂಗೆ ಈಗ ಹಲ್ಲು ಬಂದಿದೆ, ಕೇಳದಿದ್ದರೂ ಹೇಳಿಬಿಡುತ್ತೇನೆ.

ಚಾಮರಾಜಪೇಟೆ_ಅಕ್ಕ

ತಮ್ಮನ ಜೊತೆ ಮೆಸೇಜಿನಲ್ಲಿ ಮಾತಾಡಿದೆ. ಒಂದು ವಿಚಿತ್ರ ಗೊತ್ತಾಯಿತು. ಅವನು ಅಮ್ಮನಿಗೆ ಫೋನ್ ಮಾಡುತ್ತಲೇ ಇದ್ದಾನಂತೆ! ರೂಮಿನಲ್ಲಿ ಯಾರೋ ಕಡಿಮೆ ರೇಟಿಗೆ ಮಿನಿಟ್ ಮಾರುತ್ತಾರಂತೆ. ಅವರು ಕೊಟ್ಟ ನಂಬರಿಗೆ ಮಾಡಿ ಪಿನ್ ಒತ್ತಿದರೆ ಇಂಡಿಯಾಗೆ ಸಿಗುತ್ತದಂತೆ. ನೋಡಿದರೆ ಹಳೇ ಕಾಲಿಂಗ್ ಕಾರ್ಡಿನ ಹಾಗೇ ಇದೆ.

ಅಮ್ಮ ಯಾಕೆ ಎತ್ತಲಿಲ್ಲ ಅಂತ ಅವರ ಫೋನ್ ತೆಗೆದು ನೋಡಿದೆ. ಮಿಸ್ಡ್ ಕಾಲ್ ಸಾಲಾಗಿ ಇವೆ. ಒಂದೂ ಯುಎಇ ಕೋಡ್ +971ರದ್ದು ಅಲ್ಲ. ಎಲ್ಲಾ ನಮ್ಮ ದೇಶದ ಹತ್ತಂಕಿಯ ಮೊಬೈಲ್ ನಂಬರ್, ದಿನಕ್ಕೊಂದು ಬೇರೆ. ಡಿಜಿಟಲ್ ಅರೆಸ್ಟ್ ಸುದ್ದಿ ಟಿವಿಯಲ್ಲಿ ಬಂದ ಮೇಲೆ ಗೊತ್ತಿಲ್ಲದ ನಂಬರ್ ಎತ್ತಬೇಡಿ ಅಂತ ನಾನೇ ಅಮ್ಮನಿಗೆ ಹೇಳಿಕೊಟ್ಟಿದ್ದೆ. ಅವರು ಅದನ್ನು ಚಾಚೂ ತಪ್ಪದೆ ಪಾಲಿಸಿದ್ದಾರೆ. ಇದು ಏನು ಕಥೆ? ಹೊರದೇಶದ ಕಾಲಿಗೆ ಇಲ್ಲಿನ ನಂಬರ್ ಹೇಗೆ ಬರುತ್ತದೆ?

ಟೆಲಿಕಾಂ_ರಾಯರು

ಅಮ್ಮ ಎತ್ತದೇ ಇದ್ದದ್ದೇ ಒಳ್ಳೆಯದಾಯಿತು. ಇದು ಸಿಮ್ ಬಾಕ್ಸ್. ಕಾನೂನುಬಾಹಿರ.

ಮೇಲೆ ಟರ್ಮಿನೇಷನ್ ಚಾರ್ಜ್ ಅಂದೆನಲ್ಲ, ಅದನ್ನು ತಪ್ಪಿಸುವ ಕಳ್ಳದಾರಿ. ಅಲ್ಲಿಂದ ಕಾಲ್ ಇಂಟರ್ನೆಟ್ಟಿನಲ್ಲಿ ಇಲ್ಲಿಗೆ ಬರುತ್ತದೆ. ಇಲ್ಲಿ ಯಾವುದೋ ಬಾಡಿಗೆ ರೂಮಿನಲ್ಲಿ ಒಂದು ಪೆಟ್ಟಿಗೆ ಇರುತ್ತದೆ. ಅದರ ತುಂಬ ಸಿಮ್. ಬಂದ ಕಾಲನ್ನು ಪೆಟ್ಟಿಗೆ ಒಂದು ಲೋಕಲ್ ಸಿಮ್ಮಿನಿಂದ ಅಮ್ಮನ ಫೋನಿಗೆ ಹೊಸದಾಗಿ ಮಾಡುತ್ತದೆ. ನೆಟ್‌ವರ್ಕಿನ ಕಣ್ಣಿಗೆ ಅದು ಇಲ್ಲಿಂದ ಇಲ್ಲಿಗೆ ಹೋದ ಕಾಲ್. ಅನ್‌ಲಿಮಿಟೆಡ್ ಪ್ಲಾನಿನ ಸಿಮ್ ಆದ್ದರಿಂದ ಪೆಟ್ಟಿಗೆಯವನಿಗೆ ಖರ್ಚಿಲ್ಲ. ಒಂದೇ ಸಿಮ್ ಜಾಸ್ತಿ ಬಳಸಿದರೆ ಅನುಮಾನ ಬರುತ್ತದೆ ಅಂತ ಬದಲಾಯಿಸುತ್ತಾ ಹೋಗುತ್ತಾರೆ. ಅದಕ್ಕೇ ದಿನಕ್ಕೊಂದು ನಂಬರ್.

ಇದರಲ್ಲಿ ಸರ್ಕಾರಕ್ಕೂ ಕಂಪನಿಗೂ ನಷ್ಟ ಅನ್ನುವುದು ಒಂದು ಕಡೆ. ಅದಕ್ಕಿಂತ ದೊಡ್ಡದು, ಕಾಲ್ ನಿಜವಾಗಿ ಎಲ್ಲಿಂದ ಬಂತು ಅಂತ ಪೊಲೀಸರಿಗೆ ಗೊತ್ತಾಗುವುದಿಲ್ಲ. ಡಿಜಿಟಲ್ ಅರೆಸ್ಟ್ ಅಂತ ಹೆದರಿಸುವವರಿಗೂ ಇಂಥ ಪೆಟ್ಟಿಗೆಗಳೇ ಬೇಕು. 2021ರ ಜೂನಿನಲ್ಲಿ ನಮ್ಮ ಬೆಂಗಳೂರಿನಲ್ಲೇ ಪೊಲೀಸರೂ ಸೇನೆಯ ಗುಪ್ತಚರ ವಿಭಾಗದವರೂ ಸೇರಿ ಇಂಥ ಅಡ್ಡೆಗಳ ಮೇಲೆ ದಾಳಿ ಮಾಡಿದರು. 32 ಪೆಟ್ಟಿಗೆ ಸಿಕ್ಕಿದವು. ಒಟ್ಟಿಗೆ 960 ಸಿಮ್ ನಡೆಸಬಹುದಾಗಿತ್ತು.

ಆ ನಂಬರುಗಳನ್ನು ಬರೆದಿಟ್ಟುಕೊಳ್ಳಿ. ಹೊರದೇಶದ ಕಾಲ್ ಭಾರತದ ನಂಬರಿನಿಂದ ಬಂದರೆ ದೂರಸಂಪರ್ಕ ಇಲಾಖೆಯ 1963ಕ್ಕೆ ಅಥವಾ 1800110420ಕ್ಕೆ ಹೇಳಬಹುದು. ಸಂಚಾರ್ ಸಾಥಿ ಜಾಲತಾಣದಲ್ಲೂ ಹಾಕಬಹುದು. ತಮ್ಮನಿಗೆ ಬೈಯಬೇಡಿ, ಅವನಿಗೆ ಇದು ಗೊತ್ತಿರುವ ಸಾಧ್ಯತೆ ಕಮ್ಮಿ. ಮಾರುವವನು ಕಾರ್ಡ್ ಅಂತಲೇ ಹೇಳಿ ಮಾರಿರುತ್ತಾನೆ. ಆ ಮಿನಿಟ್ ನಿಲ್ಲಿಸಿ, ಕುಂದಾಪುರದವರು ಹೇಳಿದ ಹಾಗೆ ಕಂಪನಿಯ ಪ್ಯಾಕ್ ತಗೊಳ್ಳಲಿ.

ದುಬೈ_ಕುಂದಾಪ್ರ

ನಮ್ಮಲ್ಲೂ ಇಂಥವರು ಬರುತ್ತಾರೆ. ಶುಕ್ರವಾರ ಕ್ಯಾಂಪ್ ಗೇಟಿನ ಹತ್ತಿರ ನಿಂತು ಮಾರುತ್ತಾರೆ. ಸಂಬಳದಲ್ಲಿ ಹತ್ತು ದಿರ್ಹಮ್ ಉಳಿದರೂ ಊರಿಗೆ ಕಳಿಸೋಣ ಅನ್ನುವವನಿಗೆ ಅಗ್ಗದ್ದೇ ಕಣ್ಣಿಗೆ ಬೀಳುವುದು. ತಪ್ಪು ಹೇಳಲಿಕ್ಕೆ ಆಗುವುದಿಲ್ಲ.

ಗುರುತು ಹಿಡಿಯುವುದು ಹೀಗೆ: ಪ್ಯಾಕೇಟಿನಲ್ಲಿ ಕಂಪನಿ ಹೆಸರಿಲ್ಲ, ಪಿನ್ ವಾಟ್ಸಾಪಿನಲ್ಲಿ ಬರುತ್ತದೆ, ಊರಿನಲ್ಲಿ ನಿಮ್ಮ ನಂಬರ್ ಬದಲು ಬೇರೆ ನಂಬರ್ ಕಾಣುತ್ತದೆ. ಇದರಲ್ಲಿ ಒಂದಾದರೂ ಇದ್ದರೆ ಬಿಟ್ಟು ಬಿಡಿ.

ಹಳೇ_ಬೂತು

ಇಲ್ಲೂ ಅಷ್ಟೇ. "ಅನ್‌ಲಿಮಿಟೆಡ್ ಐಎಸ್‌ಡಿ, ಇಷ್ಟು ಯುಪಿಐ ಮಾಡಿ" ಅಂತ ಫಾರ್ವರ್ಡ್ ಬರುತ್ತಿರುತ್ತದೆ. ಮಗನ ಅಂಗಡಿಗೆ ಬಂದು ಅದನ್ನು ತೋರಿಸಿ ಕೇಳುವವರಿದ್ದಾರೆ. ಇನ್ನೊಂದು, ಯಾವುದೋ ದೇಶದ ನಂಬರಿನಿಂದ ಒಂದೇ ರಿಂಗ್ ಕೊಟ್ಟು ಕಟ್ ಮಾಡುತ್ತಾರೆ. ನಮ್ಮವರಿಗೆ ಮಿಸ್ಡ್ ಕಾಲ್ ಅಂದರೆ ತಿರುಗಿ ಮಾಡುವ ಅಭ್ಯಾಸ. ಅದು ದುಬಾರಿ ನಂಬರ್ ಆಗಿರುತ್ತದೆ, ಬ್ಯಾಲೆನ್ಸ್ ಹೋಗುತ್ತದೆ. ಅಮ್ಮನಿಗೆ ಇದನ್ನೂ ಹೇಳಿ.

ಗೊಜ್ಜವಲಕ್ಕಿ

ನಮ್ಮ ಚಿಕ್ಕಪ್ಪ ಒಂದು ಉಪಾಯ ಮಾಡಿದ್ದರು. ಅಜ್ಜನ ಕೀಪ್ಯಾಡ್ ಫೋನಿನಲ್ಲಿ ಒಬ್ಬರು, ಪಕ್ಕದ ಮನೆ ಹುಡುಗನ ವಾಟ್ಸಾಪಿನಲ್ಲಿ ಇನ್ನೊಬ್ಬರು. ಎರಡೂ ಫೋನ್ ಸ್ಪೀಕರಿಗೆ ಹಾಕಿ ಎದುರುಬದುರು ಇಟ್ಟು ಮಾತಾಡಿಸುತ್ತಿದ್ದರು. ಖರ್ಚು ಸೊನ್ನೆ. ಆದರೆ ಮನೆ ವಿಷಯ ಎಲ್ಲಾ ಪಕ್ಕದ ಮನೆಗೆ ಗೊತ್ತಾಯಿತು.

ಚಾಮರಾಜಪೇಟೆ_ಅಕ್ಕ

ಆ ಉಪಾಯ ನಮ್ಮ ಬೀದಿಯಲ್ಲಿ ಬೇಡವೇ ಬೇಡ!

ಈಗಿನ ಏರ್ಪಾಡು ಹೀಗಿದೆ. ತಮ್ಮ ಪ್ಯಾಕ್ ಹಾಕಿಸಿಕೊಂಡಿದ್ದಾನೆ. ಅವನು ಅಲ್ಲಿನ 7 ಗಂಟೆಗೆ ಮಾಡಿದರೆ ಇಲ್ಲಿ 8:30. ಅಮ್ಮನ ಸೀರಿಯಲ್ ಮುಗಿದು ಮಲಗುವುದಕ್ಕೆ ಮುಂಚೆ ಸರಿಯಾದ ಹೊತ್ತು. ನಿನ್ನೆ +971 ಅಂತಲೇ ಬಂತು, ಹೆಸರೂ ಬಂತು, ಅಮ್ಮ ಎತ್ತಿದರು. ಇಷ್ಟು ದಿನ ಯಾಕೆ ಮಾಡಲಿಲ್ಲ ಅಂತ ಅವನಿಗೆ ಹತ್ತು ನಿಮಿಷ ಮಂಗಳಾರತಿ. ತಂಗಿಗೆ 39ರ ಪ್ಯಾಕ್. ತುರ್ತಿಗೆ ಅಂತ ಅಮ್ಮನ ಫೋನಿಗೆ 99ರದ್ದೂ ಒಂದು ಸಲ ಹಾಕಿಸಿದ್ದೇನೆ. ಆ ನಂಬರುಗಳನ್ನು 1963ಕ್ಕೆ ಹೇಳಿದ್ದಾಯಿತು.

ಒಂದೇ ಒಂದು ತೊಡಕು ಉಳಿದಿದೆ. ಅಮ್ಮ ತಾನಾಗಿ ಮಾಡಲಿ ಅಂತ ರೀಚಾರ್ಜ್ ಅಂಗಡಿ ಹುಡುಗನ ಹತ್ತಿರ ಬಟನ್ 2ಕ್ಕೆ ತಮ್ಮನ ನಂಬರ್ ಹಾಕಿಸಿದೆ. ಒತ್ತಿದರೆ "ನೀವು ಡಯಲ್ ಮಾಡಿದ ಸಂಖ್ಯೆ ಸರಿಯಾಗಿಲ್ಲ" ಅನ್ನುತ್ತದೆ. ಪ್ಯಾಕ್ ಇದೆ, ನಂಬರೂ ತಮ್ಮ ಕಳಿಸಿದ್ದೇ.

ದುಬೈ_ಕುಂದಾಪ್ರ

ತಮ್ಮ ಕಳಿಸಿದ ನಂಬರ್ 05ರಿಂದ ಶುರುವಾಗುತ್ತದಾ? ಆ ಹುಡುಗ +971 ಹಾಕಿ ಅದರ ಮುಂದೆ 05 ಅಂತಲೇ ಹಾಕಿರುತ್ತಾನೆ. ಇಲ್ಲಿ ಲೋಕಲ್ ಮಾಡುವಾಗ ಮಾತ್ರ ಆ ಸೊನ್ನೆ. ಹೊರಗಿನಿಂದ ಮಾಡುವಾಗ ತೆಗೆಯಬೇಕು. +971 ಆದ ಮೇಲೆ ನೇರ 5 ಬರಬೇಕು.

ಟೆಲಿಕಾಂ_ರಾಯರು

ಹೌದು, ಅದೇ. ಹೆಚ್ಚಿನ ಕೀಪ್ಯಾಡ್ ಫೋನಿನಲ್ಲಿ ಪ್ಲಸ್ ಬೇಕು ಅಂದರೆ ಸೊನ್ನೆಯನ್ನು ಒತ್ತಿ ಹಿಡಿಯಿರಿ, ಇಲ್ಲವೇ ಸ್ಟಾರ್ ಎರಡು ಸಲ ಒತ್ತಿ. ಪ್ಲಸ್ ಬರದಿದ್ದರೆ ಅದರ ಬದಲು 00 ಹಾಕಿದರೂ ನಡೆಯುತ್ತದೆ.

ಚಾಮರಾಜಪೇಟೆ_ಅಕ್ಕ

ಸೊನ್ನೆ ತೆಗೆದೆ. ಹೋಯಿತು. ಸೈಟಿನಲ್ಲಿದ್ದನಂತೆ, ಸದ್ದಿನಲ್ಲಿ ಏನೂ ಕೇಳಿಸಲಿಲ್ಲ, ರಾತ್ರಿ ಮಾಡುತ್ತೇನೆ ಅಂದ. ಎಲ್ಲರಿಗೂ ಥ್ಯಾಂಕ್ಸ್.